ಓಡೆಟ್ ಮನೆಯ ಬಾಲ್ಕನಿ

ಬಾಲ್ಕನಿ ಬಿದ್ದ ಬೆಳಿಗ್ಗೆ ಓಡೆಟ್ ನಾಲ್ಕು ಮಹಡಿ ಹತ್ತಿಕೊಂಡು ಬಂದು ನಮ್ಮ ಬಾಗಿಲು ಬಡಿದರು. ಎಪ್ಪತ್ತು ದಾಟಿದ ಹೆಂಗಸು. ಕೂದಲು, ಹುಬ್ಬು, ಚಪ್ಪಲಿ ಎಲ್ಲವೂ ಸುಣ್ಣದ ಧೂಳಿನಲ್ಲಿ ಬೆಳ್ಳಗಾಗಿದ್ದವು.

"ಅಬೂದನ್ನ ಹಿಡ್ಕೊಂಡು ಹೋದ್ರು ನುಹಾದ್," ಅಂದರು. "ಸಂಜೆಗೆ ಗಡಿ ದಾಟಿಸ್ತಾರಂತೆ. ನಮ್ಮನೆ ಕೆಡವೋ ಆದೇಶಕ್ಕೂ ಸಂಜೆನೇ ಸಹಿ ಅಂತೆ."

ಸಿತ್ತ್ ನುಹಾದ್, ಅಂದರೆ ನಮ್ಮ ನುಹಾದಮ್ಮನವರು, ಓಡೆಟ್‌ರನ್ನು ಕೂರಿಸಿ ನನ್ನತ್ತ ನೋಡಿದರು. "ರವಾದ್, ನೀರು ತಾ."

ಅದೇ ನೀರಿನ ಎರಡು ಕ್ಯಾನು ಹೊತ್ತು ಅದೇ ಮೆಟ್ಟಿಲು ಹತ್ತಿ ಬಂದಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಓಡುವವರಿಗೆ ಹೊಗೆ ತಾಗಬಾರದೆಂದು ಬೀದಿಗೆಲ್ಲ ಕರೆಂಟು ಕೊಡುವ ಜನರೇಟರನ್ನು ಮುಂಜಾನೆಯೇ ನಿಲ್ಲಿಸಿದ್ದರು. ಸರ್ಕಾರಿ ಕರೆಂಟು ಎಂದಿನಂತೆ ನಾಪತ್ತೆ. ಬಂದರು ಸಿಡಿದು ಬೈರೂತ್ ಅರ್ಧ ನೆಲಕ್ಕೆ ಬಿದ್ದ ಮೇಲೆ ನಮ್ಮ ಬೀದಿಗೆ ಬಂದ ಮೊದಲ ದೊಡ್ಡ ಸಂಭ್ರಮ ಈ ಮ್ಯಾರಥಾನ್. ಒಡೆದ ಮನೆಗಳಿಗೆ ಮಾಡು, ಕಿಟಕಿ ಹಾಕಿಸುವ ದೇಣಿಗೆಗಾಗಿ ಓಡುತ್ತಾರಂತೆ. ಗೋಡೆಗೊಂದು ಭಿತ್ತಿಪತ್ರ, 'ಮತ್ತೆ ಏಳೋಣ' ಅಂತ. ಎಷ್ಟು ಸಲ ಏಳುವುದು? ಒಂದು ಸಲ ಸುಮ್ಮನೆ ಮಲಗಲು ಬಿಡಿ ಎಂದು ಕೂಗಬೇಕು ಅನಿಸುತ್ತಿತ್ತು.

ಸಿತ್ತ್ ನುಹಾದ್ ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ ನಿವೃತ್ತರಾದವರು. ಅವರ ಹಿಂದಿನ ಕೋಣೆಯಲ್ಲಿ ನನ್ನ ಬಾಡಿಗೆ ವಾಸ. ಬೈಕಿನಲ್ಲಿ ಮನೆಮನೆಗೆ ರೊಟ್ಟಿ, ಔಷಧಿ ಮುಟ್ಟಿಸುವುದು ನನ್ನ ಕಸುಬು. ಬೀದಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಹುಡುಕಿಕೊಂಡು ಬರುವುದು ಅವರನ್ನು. ಅವರ ಮೊಣಕಾಲು ಸರಿಯಿಲ್ಲದ್ದರಿಂದ ಓಡಾಟವೆಲ್ಲ ನನ್ನದು.

ನಡೆದದ್ದು ಇಷ್ಟು. ಓಡೆಟ್‌ರದು ಹಳೆಯ ಕಾಲದ ಎರಡಂತಸ್ತಿನ ಮನೆ. ಮೇಲೆ ಅವರು, ಕೆಳಗೆ ಸ್ಫೋಟದಂದು ಮುಚ್ಚಿದ ರೊಟ್ಟಿ ಭಟ್ಟಿ. ಬಿರುಕುಬಿಟ್ಟ ಬಾಲ್ಕನಿಗೆ ಎರಡು ಕಬ್ಬಿಣದ ಕಂಬಗಳನ್ನು ಆಸರೆ ಕೊಟ್ಟಿದ್ದವನು ಸಿರಿಯಾದ ಕೂಲಿಯಾಳು ಅಬೂದ್. ಓಟಗಾರರ ಕೊನೆಯ ಗುಂಪು ದಾಟಿದ ಮರುಗಳಿಗೆಯಲ್ಲೇ ಬಾಲ್ಕನಿ ಕುಸಿಯಿತು. ಅವರಿಗಿಂತ ಹಿಂದೆ ಉಳಿದಿದ್ದ ಲಮಿಯಾ ಎಂಬ ನರ್ಸಿನ ಕಾಲು ಕಲ್ಲಿನಡಿ ಮುರಿಯಿತು. ಕಂಬ ನಿಲ್ಲಿಸಿದವನು ಪರದೇಶಿ. ಪೊಲೀಸರಿಗೆ ಇನ್ನೇನು ಬೇಕು?

"ನಿನ್ನೆ ಸಂಜೆ ನನ್ನೆದುರೇ ಎರಡೂ ಕಂಬ ಅಲ್ಲಾಡಿಸಿ ನೋಡಿದ್ದ," ಎಂದರು ಓಡೆಟ್. "ಬಂಡೆ ಇದ್ದಂಗಿತ್ತು."

"ಏಳು ಮರಿ," ಎಂದರು ಸಿತ್ತ್. "ಕಲ್ಲುಮಣ್ಣನ್ನ ಲಾರಿಗೆ ತುಂಬೋ ಮೊದಲು ನೋಡ್ಬೇಕು."

ನಾವು ಹೋಗುವಷ್ಟರಲ್ಲಿ ಓಟ ಮುಗಿದು ಜನರೇಟರ್ ಮತ್ತೆ ಗುಡುಗುತ್ತಿತ್ತು. ಕಲ್ಲು ಎತ್ತಿದವರೆಲ್ಲ ಹಿಟ್ಟಿನಲ್ಲಿ ಹೊರಳಿದವರಂತೆ ಬೆಳ್ಳಗಿದ್ದರು. ಓಟದ ದಾರಿಯ ಉಸ್ತುವಾರಿ ಹೊತ್ತ ಕಮಿಲ್ ರಸ್ತೆಯಂಚಿನಲ್ಲಿ ತಲೆ ಹಿಡಿದು ಕುಳಿತಿದ್ದ. ಓಟ ಹೋಗಬೇಕಿದ್ದದ್ದು ದೊಡ್ಡ ರಸ್ತೆಯಲ್ಲಿ. ಹಿಂದಿನ ದಿನ ಇದ್ದಕ್ಕಿದ್ದಂತೆ ನಮ್ಮ ಬೀದಿಗೆ ತಿರುಗಿಸಿದವನು ಇವನೇ.

"ಯಾಕಪ್ಪಾ ತಿರುಗಿಸಿದೆ?" ಎಂದು ಕೇಳಿದರು ಸಿತ್ತ್.

"ಹಳೇ ಮನೆಗಳು ಕ್ಯಾಮೆರಾಗೆ ಚೆನ್ನಾಗಿ ಕಾಣ್ತವೆ ಅಂತ ಒಬ್ಬರು ದಾನಿಗಳು ಹೇಳಿದ್ರು, ಸಿತ್ತ್."

"ಯಾರು?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಒಬ್ಬಳ ಕಾಲು ಮುರಿದಿದೆ, ಇವನಿಗೆ ಮಾತಿನದ್ದೇ ಚಿಂತೆ!" ಎಂದು ನಾನು ಅವನ ಅಂಗಿಗೆ ಕೈ ಹಾಕಿದೆ. ಸಿತ್ತ್ ಊರುಗೋಲಿನಿಂದ ನನ್ನ ಮೊಣಕೈ ತಟ್ಟಿದರು. "ಕೈ ಕಲ್ಲಿಗೆ ಹಾಕು. ಅಗೆ."

ಆಗ ಓಡೆಟ್ ಬಾಡಿಗೆಗಿರುವ ಮನೆಯ ಒಡೆಯ, ಬೀದಿಯೆಲ್ಲ ಗೌರವದಿಂದ ಉಸ್ತಾದ್ ಎನ್ನುವ ನಝೀಹ್ ಬಂದರು. ಸಮುದ್ರದಂಚಿನ ಹೊಸ ಗೋಪುರದಲ್ಲಿ ಅವರ ವಾಸ. ನಮ್ಮ ಬೀದಿಯಲ್ಲೂ, ಓಡೆಟ್ ಮನೆಯ ಎದುರಿಗೇ, ಏಳನೇ ಮಹಡಿಯಲ್ಲಿ ಒಂದು ಫ್ಲಾಟು. ಆಸರೆ ಕಂಬಗಳನ್ನು ಕೊಡಿಸಿದ್ದೂ, ಓಟಗಾರರಿಗೆ ನೀರು ಹಂಚಿಸಿದ್ದೂ ಇವರೇ.

"ಈ ಓಟ ನೋಡೋಕೇ ಅಂತ ರಾತ್ರಿ ಇಲ್ಲೇ ಮಲಗಿದ್ದೆ," ಎಂದರು. "ಸದ್ದು ಕೇಳ್ತಿದ್ದಂಗೆ ಲಿಫ್ಟ್ ಹತ್ತಿ ಇಳಿದುಬಂದೆ. ಆ ಹುಡುಗಿ ಬಿದ್ದಿದ್ದಳು. ನನ್ನ ಎರಡೂ ಕೈಯಿಂದ ಎತ್ತಿದೆ, ಸಿತ್ತ್."

ಕಣ್ಣೊರೆಸಿಕೊಂಡರು. ಕೋಟಿನ ತೋಳಿಗೆ ಹತ್ತಿದ್ದ ಕರಿ ಕೆನ್ನೆಗೂ ಮೆತ್ತಿಕೊಂಡಿತು. ಪಾಪ, ಎನಿಸಿತು ನನಗೆ. ಇಡೀ ಬೀದಿಯಲ್ಲಿ ಅಳುತ್ತಿದ್ದ ಒಬ್ಬನೇ ಒಬ್ಬ ಶ್ರೀಮಂತ.

"ಪಾಪ," ಎಂದರು ಸಿತ್ತ್ ಕೂಡ. ಭಟ್ಟಿಯ ರೋಲಿಂಗ್ ಶಟರನ್ನೇ ನೋಡುತ್ತಿದ್ದರು. ಅದು ನೆಲಕ್ಕೆ ಪೂರ್ತಿ ಕೂತಿರಲಿಲ್ಲ. ಅಡಿಯಲ್ಲಿ ಅಂಗೈ ತೂರುವಷ್ಟು ಸಂದಿಯಿತ್ತು.

ಉಗುರು ಕಿತ್ತು ಬರುವವರೆಗೂ ಅಗೆದೆ. ಕೊನೆಗೆ ಒಂದು ಕಂಬ ಸಿಕ್ಕಿತು. ಅದರ ಬುಡಕ್ಕೆ ಹಗ್ಗದ ಗಂಟು, ಗಂಟಿನಿಂದ ಮೋಟುದ್ದ ಹಗ್ಗ, ತುದಿ ಚಾಕುವಿನಿಂದ ಕತ್ತರಿಸಿದಂತೆ ನುಣ್ಣಗೆ. ಸಿತ್ತ್ ಹಗ್ಗವನ್ನು ಬಿಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಜನರೇಟರ್ ನಡೆಸುವ ಅಬು ಎಲೀಯ ಹತ್ತಿರ ಹೋಗಿ ಏನೋ ಎರಡು ಮಾತು ಕೇಳಿ ಬಂದರು.

ಸಂಜೆ ಸಿತ್ತ್ ಹೇಳಿಕಳಿಸಿದಂತೆ ಎಲ್ಲರೂ ಓಡೆಟ್‌ರ ಹಜಾರದಲ್ಲಿ ಸೇರಿದರು. ಠಾಣೆಯ ಅಧಿಕಾರಿ ಮುಂಝಿರ್, ಕೋಳ ತೊಡಿಸಿದ್ದ ಅಬೂದ್, ಕಮಿಲ್, ನಝೀಹ್, ಅಬು ಎಲೀ. ಕೆಡವುವ ಆದೇಶದ ಪ್ರತಿ ಅಧಿಕಾರಿಯ ಕೈಯಲ್ಲಿತ್ತು.

"ಬೇಗ ಮುಗಿಸಿ ಸಿತ್ತ್," ಎಂದರು ಮುಂಝಿರ್. "ಬೆಳಗಿಂದ ನಿಂತೇ ಇದೀನಿ."

"ಈ ಊರಲ್ಲಿ ಕೂತಿರೋರು ಯಾರಿದಾರೆ?" ಎಂದ ಸಿತ್ತ್ ಹಗ್ಗವನ್ನು ಮೇಜಿನ ಮೇಲಿಟ್ಟರು. "ಕಂಬ ತಾನಾಗಿ ಜಾರಲಿಲ್ಲ. ಒಂದನ್ನ ರಾತ್ರಿನೇ ಸಡಿಲಿಸಿದಾರೆ, ಇನ್ನೊಂದನ್ನ ಎಳೆದಿದಾರೆ. ಎಳೆದವರು ಬೀದಿಲಿ ನಿಂತಿದ್ರೆ ಊರೆಲ್ಲ ನೋಡಿರೋದು. ಹಗ್ಗ ಹೋಗಿದ್ದು ಶಟರ್ ಸಂದಿಯಿಂದ ಒಳಕ್ಕೆ. ಭಟ್ಟಿ ಬೀಗದ ಕೈ ಯಾರ ಹತ್ರ ಇದೆ?"

"ಯಾರು ಬೇಕಾದ್ರೂ ಮುರೀಬಹುದು," ಎಂದರು ನಝೀಹ್.

"ಬೀಗ ಮುರಿದಿಲ್ಲ. ಹೋಗ್ಲಿ ಬಿಡಿ. ಬೆಳಿಗ್ಗೆ ನೀವು ಲಿಫ್ಟಲ್ಲಿ ಇಳಿದೆ ಅಂದ್ರಿ. ಅಬು ಎಲೀ, ಆಗ ಕರೆಂಟಿತ್ತಾ?"

ಅಬು ಎಲೀ ಗಡ್ಡ ಕೆರೆದುಕೊಂಡ. "ಎಲ್ಲಿಂದ ಬರ್ಬೇಕು ಸಿತ್ತ್? ಓಟ ಮುಗಿಯೋತನಕ ನಾನು ಬಂದ್ ಮಾಡಿದ್ದೆ. ಸರ್ಕಾರದ್ದೂ ಬಂದಿಲ್ಲ. ಬೀದಿಯೋರೆಲ್ಲ ನಂಗೆ ಶಾಪ ಹಾಕ್ತಿದ್ರು."

ನನ್ನ ಹೆಗಲು ಮತ್ತೆ ನೋಯತೊಡಗಿತು. ಆ ಕ್ಯಾನು, ಆ ಮೆಟ್ಟಿಲು! ನನಗೇ ಹೊಳೆಯಬೇಕಿತ್ತು.

"ನಮ್ಮ ಬೀದಿಲಿ ಕರೆಂಟ್ ಮರೆಯೋರು ಯಾರೂ ಇಲ್ಲ," ಎಂದರು ಸಿತ್ತ್. "ಕೂಸುಗಳೂ ಮರೆಯಲ್ಲ. ಮರೆಯೋದು ಹಗಲೂರಾತ್ರಿ ದೀಪ ಉರಿಯೋ ಗೋಪುರದಲ್ಲಿ ಇರೋರು. ನೀವು ಏಳನೇ ಮಹಡಿಲಿ ಇರ್ಲೇ ಇಲ್ಲ ಉಸ್ತಾದ್. ಇದ್ದಿದ್ರೆ ಆ ಮೆಟ್ಟಿಲಿಳಿದಿದ್ದು ಮೊಣಕಾಲಿಗೆ ನೆನಪಿರ್ತಿತ್ತು."

"ಗಾಬರೀಲಿ ತಪ್ಪು ಹೇಳಿರ್ಬಹುದು."

"ಹೇಳಿರ್ಬಹುದು. ಆದ್ರೆ ಕಲ್ಲು ಎತ್ತಿದೋರೆಲ್ಲ ಸುಣ್ಣದಲ್ಲಿ ಬೆಳ್ಳಗಿದ್ರು. ನಿಮ್ಮ ತೋಳೊಂದು ಕರ್ರಗಿತ್ತು. ಈ ಬೀದಿಲಿ ಅಂಥ ಮಸಿ ಇರೋದು ಆ ಭಟ್ಟಿ ಒಳಗೇ. ಎಳೆದು, ಹಗ್ಗ ಕುಯ್ದು, ಹಿಂಬಾಗಿಲಿಂದ ಸುತ್ತಿ ಬಂದ್ರಿ. ಕಮಿಲ್, ದಾರಿ ತಿರುಗಿಸು ಅಂದಿದ್ದು ಇವರೇ ಅಲ್ವಾ?"

ಕಮಿಲ್ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ.

"ಯಾಕೆ?" ಎಂದರು ಮುಂಝಿರ್.

"ಇವರಿಗೆ ಬೇಕಿರೋದು ಖಾಲಿ ಜಾಗ," ಎಂದರು ಸಿತ್ತ್. "ಇದು ಹಳೇ ಮನೆ, ಕಾನೂನು ಪ್ರಕಾರ ಕೆಡವೋ ಹಾಗಿಲ್ಲ. ಓಡೆಟ್ ಹಳೇ ಬಾಡಿಗೆಯೋಳು, ಬಿಡಿಸೋ ಹಾಗಿಲ್ಲ. ಕ್ಯಾಮೆರಾ ಮುಂದೆ ಬಾಲ್ಕನಿ ಬಿದ್ರೆ ಮಾತ್ರ ಅಪಾಯದ ಕಟ್ಟಡ ಅಂತ ಅದೇ ದಿನ ಆದೇಶ ಬರುತ್ತೆ. ನಿಮ್ಮ ಕೈಲಿರೋದೇ ಅದು."

ನಝೀಹ್ ಎದ್ದು ನಿಂತರು. ಮುಖ ಕೆಂಪಾಗಿತ್ತು. "ನಾನು ಯಾರನ್ನೂ ಕೊಲ್ಲೋಕೆ ಹೋಗಿರ್ಲಿಲ್ಲ! ಎಲ್ಲರೂ ದಾಟಲಿ ಅಂತಾನೇ ಕಾದೆ. ಶಟರ್ ಹಿಂದೆ ಕಿವಿಗೊಟ್ಟು ಕೂತಿದ್ದೆ. ಹೆಜ್ಜೆಸದ್ದು ಪೂರಾ ನಿಂತ ಮೇಲೇ…"

ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು.

"ಲಮಿಯಾಗೆ ಸುಸ್ತಾಗಿತ್ತು," ಎಂದರು ಸಿತ್ತ್ ಮೆಲ್ಲಗೆ. "ಉಸಿರು ತಗೊಳೋಕೆ ಅಂತ ಗೋಡೆಗೆ ಒರಗಿದ್ದಳು. ನಿಂತೋರ ಹೆಜ್ಜೆಗೆ ಸದ್ದಿರಲ್ಲ ಉಸ್ತಾದ್."

ನಾನು ನಝೀಹರ ಮೇಲೆ ಬೀಳಲು ಹೋದೆ. ತಡೆದವನು ಅಬೂದ್. ಕೋಳದ ಕೈಗಳನ್ನೇ ಅಡ್ಡ ಚಾಚಿ, "ಬೇಡ ತಮ್ಮಾ, ಮತ್ತೆ ನನ್ನ ಮೇಲೇ ಹಾಕ್ತಾರೆ," ಅಂದ. ಆ ಹಜಾರದಲ್ಲಿ ನಕ್ಕವನು ಅವನೊಬ್ಬನೇ.

ಮುಂಝಿರ್ ಕೋಳ ಬಿಚ್ಚಿ ನಝೀಹರಿಗೆ ತೊಡಿಸಿದರು. ಆದೇಶದ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಸದ್ಯಕ್ಕೆ ತಡೆದಿರ್ತೀನಿ," ಎಂದರು.

"ಸದ್ಯಕ್ಕಾ?" ಎಂದು ಅರಚಿದೆ ನಾನು. "ದೊಡ್ಡ ವಕೀಲ ಬರ್ತಾನೆ, ಈ ಮನುಷ್ಯ ವಾರದೊಳಗೆ ತನ್ನ ಮನೇಲಿ ಮಲಗಿರ್ತಾನೆ. ನೋಡ್ತಿರಿ!"

"ಮಲಗಬಹುದು," ಎಂದರು ಸಿತ್ತ್ ಕಣ್ಣು ಮುಚ್ಚಿಕೊಂಡೇ. "ಇವತ್ತು ಗಡಿಯ ಲಾರಿಗೆ ಒಬ್ಬ ಹತ್ತಲಿಲ್ಲ. ನನ್ನ ಮೊಣಕಾಲಿಗೆ ಇಷ್ಟೇ ಆಗೋದು ಮರಿ."

ಎಲ್ಲರೂ ಹೋದ ಮೇಲೆ ಓಡೆಟ್ ರೂಢಿಯಂತೆ ಗಾಳಿಗೆಂದು ಬಾಲ್ಕನಿಯ ಬಾಗಿಲು ತೆರೆದರು. ಆಚೆ ಕಾಲಿಡಲು ನೆಲವಿರಲಿಲ್ಲ. ಅಬೂದ್ ಓಡಿಹೋಗಿ ಅವರ ತೋಳು ಹಿಡಿದ. ಮೂಲೆಯಿಂದ ಒಂದು ಹಲಗೆ ತಂದು ಬಾಗಿಲಿಗೆ ಅಡ್ಡವಾಗಿ ಹಿಡಿದ. ಮಣಿಕಟ್ಟಿನಲ್ಲಿ ಕೋಳದ ಗೆರೆ ಕೆಂಪಗಿತ್ತು.

"ಎಷ್ಟು ಎತ್ತರಕ್ಕೆ ಹೊಡೀಲಿ ಅಮ್ಮಾ?"

ಓಡೆಟ್ ಕುರ್ಚಿ ಎಳೆದುಕೊಂಡು ಬಾಗಿಲೆದುರು ಕುಳಿತು ಅಳತೆ ನೋಡಿದರು.

"ಸ್ವಲ್ಪ ಕೆಳಗೆ," ಎಂದರು. "ಕೂತ್ರೆ ಬೀದಿ ಕಾಣ್ಬೇಕು."