ಎರಡು ಸುತ್ತಿನ ಬಿಗಿ

ಆ ಬೆಳಗ್ಗೆ ರಾಮನಗರದ ಬೆಟ್ಟಗಳ ತಲೆಯೇ ಕಾಣದಷ್ಟು ಮಂಜು. ಒದ್ದೆ ಸೊಪ್ಪನ್ನು ರೇಷ್ಮೆಹುಳುವಿಗೆ ಹಾಕುವಂತಿಲ್ಲ. ಹಾಗಾಗಿ ತೋಟಕ್ಕೆ ಇಳಿಯಬೇಕಾದವರೆಲ್ಲ ಬಿಲ್ಲುಗಾರಿಕೆಯ ಆಯ್ಕೆ ಸ್ಪರ್ಧೆ ನೋಡಲು ಮೈದಾನಕ್ಕೆ ಬಂದಿದ್ದರು. ರೇಷ್ಮೆಗೂಡಿಗೆ ಒಳ್ಳೆಯ ರೇಟಿದ್ದ ಕಾಲ ಅದು. ಆ ದುಡ್ಡಿನಲ್ಲೇ ಊರವರು ಬಿಲ್ಲುಗಾರರ ಸಂಘಕ್ಕೆ ಹೊಸ ಬಿಲ್ಲುಗಳನ್ನು ತರಿಸಿದ್ದರು.

"ಚೆನ್ನಾಗಿದೀಯಾ, ಬೀರಮ್ಮ?"

ವರ್ಷದ ಮೇಲೆ ಕೇಳಿದ ದನಿ! ಕೈಲಾಂಚದ ಕುರಿ ಸಾಕುವ ಮನೆಯ ಬೀರಮ್ಮ ಗಕ್ಕನೆ ತಿರುಗಿದಳು. ಎದುರಿಗೆ ಬೈರಾಪಟ್ಟಣದ ರಾಮಲಿಂಗ.

"ನಿನ್ನ ದಯೆ. ಚೆನ್ನಾಗೇ ಇವ್ನಿ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬೆನ್ನು ತಿರುಗಿಸಿದಳು.

ಹೋದ ವರ್ಷ ಬೋಲ್ಟು ತಿರುಗಿಸಿ ಸಂಘದ ಬಿಲ್ಲುಗಳ ಬಿಗಿ ಹೊಂದಿಸಿದವನು ಇವನೇ. ಗೂಡು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಹೆದೆ ಸಿಕ್ಕಿಸಿ, ಬಿಲ್ಲನ್ನು ಕೆಳಕ್ಕೆ ಎಳೆದು, ಮುಳ್ಳು ನೋಡಿ, "ನಿನ್ನ ತೋಳಿಗೆ ಇದೇ ಸರಿ" ಎಂದು ಕೊಟ್ಟಿದ್ದ. ಕಣ್ಣು ಮುಚ್ಚಿ ನಂಬಿದ್ದಳು. ಅರ್ಧ ಸ್ಪರ್ಧೆಗೇ ತೋಳು ನಡುಗಿ ಬಾಣಗಳು ನೆಲ ಕಚ್ಚಿದವು. ಗೆದ್ದವಳು ಅವನ ಅತ್ತೆ ಮಗಳು ಮುನಿಯಮ್ಮ!

'ಬೇಕಂತಲೇ ಬಿಗಿದ... ಸ್ವಾಮಿ ರೇವಣಸಿದ್ದೇಶ್ವರಾ, ಅವನ ಕೈಯೂ ಹಾಗೇ ನಡುಗಲಿ!' ಎಂದು ದೀಪ ಹಚ್ಚಿ ಬೇಡಿದ್ದಳು. ದೇವರು ಸುಮ್ಮನಿದ್ದ. ಸುಮ್ಮನಿದ್ದದ್ದನ್ನು ಅವಳು ಒಪ್ಪಿಗೆ ಎಂದುಕೊಂಡಳು.

ರಾಮಲಿಂಗ ಟೀ ಕುಡಿಯಲು ಹೋದಾಗ ಅವಳ ಸೆರಗಿನ ಮರೆಯಿಂದ ಬೋಲ್ಟು ತಿರುಗಿಸುವ ಅಲೆನ್ ಕೀ ಹೊರಬಂತು. ಅವನ ಬಿಲ್ಲಿನ ಮೇಲಿನ ಬೋಲ್ಟಿಗೆ ಎರಡು ಸುತ್ತು ಬಿಗಿ. ಕೆಳಗಿನದಕ್ಕೂ ಎರಡು.

ಗಂಡಸರ ಸರದಿ ಬಂತು. ಹೆದೆ ಎಳೆದ ಕೂಡಲೇ ರಾಮಲಿಂಗನ ಹುಬ್ಬು ಗಂಟಿಕ್ಕಿತು. ಬೋಲ್ಟುಗಳನ್ನು ನೋಡಿದ. ಆಮೇಲೆ ಅವಳನ್ನು ನೋಡಿದ...

ಕೂಗಲಿಲ್ಲ. ಸಡಿಲಿಸಲೂ ಇಲ್ಲ. ಬಾಣ ಬಿಟ್ಟ.

ನೋಡುನೋಡುತ್ತ ಅವನ ತೋಳು ನಡುಗತೊಡಗಿತು.

"ಏನ್ಲಾ ಲಿಂಗಾ, ಹುಳಕ್ಕೆ ಸೊಪ್ಪು ಹಾಕಿ ಹಾಕಿ ಕೈ ಸೋತೋಯ್ತಾ?" ಎಂದು ಅವನ ಊರಿನ ವೆಂಕಟಯ್ಯ ಕೂಗಿದ. ಮೈದಾನವೆಲ್ಲ ನಕ್ಕಿತು.

ಬೀರಮ್ಮನಿಗೆ ಮಾತ್ರ ನಗು ಬರಲಿಲ್ಲ. ಬೇಡಿದ್ದೇ ಸಿಕ್ಕಿತ್ತು. 

ಬಿಡುವಿನಲ್ಲಿ ಅವನೇ ಹತ್ತಿರ ಬಂದ. ಬೆರಳುಗಳು ಕೆಂಪಾಗಿದ್ದವು.

"ನೀನು ಒಸಿ ಜಾಸ್ತೀನೇ ಬಿಗಿದ್ಬುಟ್ಟೆ ಕಣಮ್ಮಿ."

"ಗೊತ್ತಾದ ಮೇಲೂ ಯಾಕೆ ಸಡಿಲ ಮಾಡ್ಕಳ್ಳಿಲ್ಲ?" ಅವಳ ದನಿ ಒಡೆಯಿತು.

"ಆವತ್ತು ನೀನು ಎಷ್ಟು ನೋವು ತಿಂದೆ ಅಂತ ನನ್ನ ತೋಳಿಗೂ ಗೊತ್ತಾಗ್ಲಿ ಅಂತ."

"ಅಂದ್ರೆ... ಬೇಕಂತಲೇ ಮಾಡಿದ್ದು ಅಂತ ಒಪ್ಕತೀಯಾ?"

"ಇಲ್ಲ ಬೀರಮ್ಮ! ನನ್ನ ಎಳೆತದ ಅಳತೆಗೆ ಎಳೆದು ತೂಗಿದ್ದೆ. ನಿನ್ನ ತೋಳು ನನ್ನದಕ್ಕಿಂತ ಉದ್ದ. ಉದ್ದ ಎಳೆದಷ್ಟೂ ಬಿಗಿ ಏರ್ತದೆ. ನೀನು ಅತ್ಕಂಡು ಹೋದ ಮೇಲೆ, ಬಿದ್ದ ನಿನ್ನ ಬಾಣ ಎತ್ತಿ ನನ್ನದರ ಪಕ್ಕ ಇಟ್ರೆ ನಿಂದೇ ಉದ್ದ, ಆಗ ಹೊಳೀತು. ಹೇಳೋಣ ಅಂತ ನಿಮ್ಮ ಹಟ್ಟಿತಾವ ಬಂದೆ. ನಿಮ್ಮವ್ವ ನಾಯಿ ಬುಟ್ರು!"

'ಅವ್ವನಿಗೆ ಹಾಗೆ ಮಾಡು ಅಂದವಳು ನಾನೇ...'

ಅಳುವೂ ನಗುವೂ ಒಟ್ಟಿಗೇ ಉಕ್ಕಿ ಬಂದವು.

"ವರ್ಸ ಪೂರ್ತಿ ನಿನ್ನನ್ನೇ ನೆನೆಸ್ಕಂಡಿದ್ದೆ, ಲಿಂಗಾ."

"ಬೈಕಂಡಾ?"

"ಬೈಕಂಡೇ. ಒಂದಿನಾನೂ ಮರೀಲಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು."

ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ. ಆಮೇಲೆ ಮೆಲ್ಲಗೆ ಅಂದ, "ನನ್ನ ಮನಸ್ಸು ನಂಗೆ ಆವತ್ತೇ ಗೊತ್ತಾಗಿತ್ತು, ಬೀರಮ್ಮ."

ಉಳಿದ ಬಾಣಗಳಿಗೆ ಸೀಟಿ ಊದಿದರು. ಅವಳು ಅವನ ಬಿಲ್ಲು ತೆಗೆದುಕೊಂಡು ಮಂಡಿಯೂರಿ ಕೂತು, ಬಿಗಿದಷ್ಟನ್ನೂ ಸಡಿಲಿಸಿದಳು. ಸಂಘದ ತಕ್ಕಡಿಗೆ ಹೆದೆ ಸಿಕ್ಕಿಸಿ, ಅವನ ಎಳೆತದ ಅಳತೆಗೇ ಎಳೆದು, ಮುಳ್ಳು ನೋಡಿದಳು.

"ಆಗಲೇ ಹೋದ ಬಾಣ ವಾಪಸ್ ತರೋಕೆ ನನ್ನ ಕೈಲಾಗಲ್ಲ..."

"ಬುಡು. ಇನ್ನೂ ಅರ್ಧ ಐತೆ. ಇಲ್ಲೇ ನಿಂತ್ಕತೀಯಾ?"

"ಇಲ್ಲೇ ಇರ್ತೀನಿ."

ಬೇರೆ ಮಾತಾಡದೆ, ಎರಡೂ ಕೈಯಲ್ಲಿ ಬಿಲ್ಲನ್ನು ಅವನಿಗೆ ಹಿಂತಿರುಗಿಸಿದಳು.