ಹೊಸ ವರ್ಷದ ಮೊದಲ ಮರಿ

ಊನಾ ಟಾರ್ಪಿ ಬಾಗಿಲು ತಟ್ಟಿದಾಗ ಫಿಂಟನ್ ಮಲ್‌ಹಾಲ್ ತನ್ನದೇ ಲೇಖನವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಡೆಲಿಯಾ ಕ್ವಿರ್ಕ್ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ಅವನ ನಂಬಿಕೆ. ಅವಳು ಸೋಡಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕಿಟಕಿಯ ಹೊರಗಿನ ಮಂಜು ನೋಡುತ್ತಿದ್ದಳು.

ಫಿಂಟನ್ ಕಿಲ್ಡೇರ್ ಸೀಮೆಯ ವಾರಪತ್ರಿಕೆಗೆ ಕುದುರೆ ಪಂದ್ಯದ ಪುಟ ಬರೆಯುವವನು. ಜಾಕಿಯ ಚಾಟಿಯಿಂದ ಹಿಡಿದು ಟೀವಿಯ ವೀಕ್ಷಕ ವಿವರಣೆಯವರೆಗೆ ಅವನ ಬಳಿ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಈಚೆಗೆ ಅವನ ಸಿಟ್ಟೆಲ್ಲ ಹುಟ್ಟುಹಬ್ಬದ ಮೇಲೆ ತಿರುಗಿತ್ತು. ಓಟದ ಕುದುರೆ ವರ್ಷದ ಯಾವ ದಿನ ಹುಟ್ಟಿದರೂ ಅದರ ವಯಸ್ಸು ಏರುವುದು ಜನವರಿ ಒಂದಕ್ಕೇ. ಹಾಗಾಗಿ ಮರಿ ಆದಷ್ಟು ಜನವರಿಯಲ್ಲೇ ಹುಟ್ಟಲಿ ಎಂದು ಸಾಕುವವರು ಚಳಿಗಾಲದಲ್ಲಿ ಲಾಯಕ್ಕೆ ದೀಪ ಹಚ್ಚಿಟ್ಟು, ವಸಂತ ಬಂತೆಂದು ಹೆಣ್ಣು ಕುದುರೆಗಳನ್ನು ನಂಬಿಸಿ ಬೇಗ ಗಬ್ಬ ಕಟ್ಟಿಸುತ್ತಿದ್ದರು. ಕ್ಲೋನ್‌ಗ್ರೀನ್ ಲಾಯದ ಮ್ಯಾನೇಜರ್ ಎಮೆಟ್ ಲೇಸಿ ಅದರಲ್ಲಿ ಎಲ್ಲರಿಗಿಂತ ಮುಂದು. "ಮರಿ ಡಿಸೆಂಬರ್ ಮೂವತ್ತೊಂದಕ್ಕೆ ಬಿದ್ದರೆ ಮರುದಿನವೇ ಅದಕ್ಕೆ ಒಂದು ವರ್ಷ. ತನಗಿಂತ ಸುಮಾರು ಒಂದು ವರ್ಷ ದೊಡ್ಡ ಕುದುರೆಗಳ ಜೊತೆ ಓಡಬೇಕು. ಆಗ ಲೇಸಿ ಮಹಾಶಯರು ಹಾಲು ಕುಡಿಯುವ ಮುದುಕನನ್ನು ಸಾಕಬೇಕಾದೀತು" ಎಂದು ಫಿಂಟನ್ ಡಿಸೆಂಬರಿನಲ್ಲೇ ಬರೆದಿದ್ದ. ಊರಿನ ಹೆಂಡದಂಗಡಿಗಳಲ್ಲಿ ಆ ಮಾತು ಚೆನ್ನಾಗಿ ಓಡಿತ್ತು.

ಆದರೆ ಲೇಸಿಯ ಲಾಯದ ಮರಿ ಹುಟ್ಟಿದ್ದು ಜನವರಿ ಒಂದರ ಬೆಳಗಿನ ಜಾವ. ಈಗ ಎರಡನೆಯ ತಾರೀಕು. ದೇಶದ ಮೊದಲ ಮರಿಯ ಫೋಟೋ ಫಿಂಟನ್‌ನ ಜೇಬಿನಲ್ಲೇ ಇತ್ತು.

ಊನಾ ಒಳಗೆ ಬಂದವಳು ಕೂರಲಿಲ್ಲ. ಅವಳ ಅಪ್ಪ ಡಿನ್ನಿ ಟಾರ್ಪಿ ಕ್ಲೋನ್‌ಗ್ರೀನ್‌ನಲ್ಲಿ ಹೆರಿಗೆಗೆ ಬಂದ ಕುದುರೆಗಳನ್ನು ಕಾಯುವವನು.

"ಅಪ್ಪ ಆಸ್ಪತ್ರೇಲಿ ಎಚ್ಚರ ಇಲ್ದೆ ಮಲಗಿದ್ದಾರೆ, ಮಿಸ್ ಕ್ವಿರ್ಕ್. ನಿನ್ನೆ ಬೆಳಿಗ್ಗೆ ಕುದುರೆ ಕಾಲ ಬಳಿ ಬಿದ್ದಿದ್ರಂತೆ, ತಲೆ ಒಡೆದಿತ್ತು. ಪಕ್ಕದಲ್ಲಿ ವಿಸ್ಕಿ ಬಾಟ್ಲು, ಮೈತುಂಬ ವಾಸನೆ. ಕುಡಿದು ಒದೆಸಿಕೊಂಡ ಅಂತ ಕೆಲಸದಿಂದ ತೆಗೆದ್ರು. ಈ ತಿಂಗಳೊಳಗೆ ಮನೆ ಬಿಡಬೇಕಂತೆ. ಲಾಯದ ಮನೆ ಅಲ್ವಾ ಅದು."

"ಡಿನ್ನಿ ಕುಡೀತಾನಾ?" ಎಂದು ಡೆಲಿಯಾ ಕೇಳಿದಳು. ಅವಳು ಮೂವತ್ತು ವರ್ಷ ಪಂದ್ಯದ ಮೈದಾನಗಳಲ್ಲಿ ಮೋಸ ವಿಚಾರಿಸುವ ಅಧಿಕಾರಿಯಾಗಿದ್ದವಳು. ನಿವೃತ್ತಿಯಾದರೂ ಸೀಮೆಯ ಕುದುರೆ ವ್ಯಾಜ್ಯಗಳೆಲ್ಲ ಅವಳ ಅಡುಗೆಮನೆಗೇ ಬರುತ್ತಿದ್ದವು.

"ನಾನು ಹುಟ್ಟೋ ಮುಂಚೆ ಚರ್ಚಲ್ಲಿ ಪ್ರತಿಜ್ಞೆ ಮಾಡಿ ಬಿಟ್ಟವರು. ಆ ಪ್ರತಿಜ್ಞೆಯ ಗುರುತು, ಯೇಸುವಿನ ಪವಿತ್ರ ಹೃದಯದ ಪಿನ್ನು, ಕೋಟಲ್ಲಿ ಇಲ್ದೆ ಅವರು ಕೋಳಿಗೆ ಕಾಳು ಹಾಕೋಕೂ ಹೊರಗೆ ಹೋಗಲ್ಲ. ಆಸ್ಪತ್ರೆಯವರು ಕೋಟು ಕೊಟ್ರು. ಪಿನ್ನು ಇಲ್ಲ."

"ಮೂವತ್ತೊಂದನೇ ತಾರೀಕು ಅಪ್ಪನ್ನ ನೋಡಿದ್ಯಾ?"

"ಇಲ್ಲ. ಮೂವತ್ತರ ರಾತ್ರಿ ಕಾವಲಿಗೆ ಹೋದವರು ಬರಲೇ ಇಲ್ಲ. ಲಾಯದಿಂದ ಫೋನ್ ಬಂತು, ಕುದುರೆಗೆ ದಿನ ಹತ್ರ ಬಂದಿದೆ, ಊಟಕ್ಕೆ ಬರಲ್ಲ ಅಂತ. ಫೋನ್ ತೆಗೆದಿದ್ದು ಅಜ್ಜಿ. ಅವಳ ಕಿವಿಗೆ ಎಲ್ಲರ ದನಿಯೂ ಒಂದೇ." ಊನಾ ಕೈವಸ್ತ್ರ ಹಿಂಡಿದಳು. "ಡಾಕ್ಟರ್ ಒಂದು ಮಾತು ಅಂದ್ರು. ರಕ್ತ ಯಾಕೆ ಇಷ್ಟು ಒಣಗಿ ಹಪ್ಪಳ ಆಗಿದೆ ಅಂತ. ಬೇಗ ಕರ್ಕೊಂಡು ಬಂದಿದ್ರೆ ಎಡಗಿವಿ ಉಳೀತಿತ್ತಂತೆ."

ಡೆಲಿಯಾ ಬೆಣ್ಣೆ ಚಾಕು ಕೆಳಗಿಟ್ಟಳು. "ಫಿಂಟನ್, ಕಾರು ತೆಗಿ. ನಿನ್ನ ಅಭಿಪ್ರಾಯ ದಾರೀಲಿ ಕೇಳ್ತೀನಿ."

ಕ್ಲೋನ್‌ಗ್ರೀನ್‌ನ ಹೆರಿಗೆ ಲಾಯ ದೊಡ್ಡಮನೆಯಿಂದ ದೂರ, ಬೀಚ್ ಮರಗಳ ಹಿಂದೆ ಇತ್ತು. ಹಬ್ಬದ ರಜೆಗೆ ಹೋದ ಕೆಲಸಗಾರರು ಇನ್ನೂ ತಿರುಗಿ ಬಂದಿರಲಿಲ್ಲ. ಎಮೆಟ್ ಲೇಸಿ ಅಂಗಳದಲ್ಲೇ ಸಿಕ್ಕಿದ. ತೆಳ್ಳಗಿನ, ಮಾತು ತೂಗಿ ಆಡುವ ಮನುಷ್ಯ. ಫಿಂಟನ್‌ನನ್ನು ನೋಡಿ ನಗಲು ಪ್ರಯತ್ನಿಸಿದ.

"ಫೋಟೋ ಚೆನ್ನಾಗಿ ಬಂತಾ, ಮಲ್‌ಹಾಲ್? ದೊಡ್ಡದಾಗಿ ಹಾಕಪ್ಪ. ಹಾಲು ಕುಡಿಯೋ ಮುದುಕ ಅಲ್ಲ ಅಂತಾನೂ ಬರಿ."

"ಬರೀತೀನಿ ಮಾರಾಯ. ಸೋತವನು ಸೋತೆ ಅನ್ನಬೇಕಲ್ಲ."

ಪಕ್ಕದ ಕೋಣೆಯಲ್ಲಿ ಇನ್ನೊಂದು ಕುದುರೆ ಆ ಬೆಳಿಗ್ಗೆಯಷ್ಟೇ ಮರಿ ಹಾಕಿತ್ತು. ಸ್ವೀಡನ್ನಿನಿಂದ ಬಂದು ಊರಲ್ಲೇ ನೆಲೆಸಿದ್ದ ಪಶುವೈದ್ಯೆ ಲಿಂಡ್‌ಕ್ವಿಸ್ಟ್ ಅದರ ಪಕ್ಕ ಮಂಡಿಯೂರಿದ್ದಳು. ಫಿಂಟನ್ ಬಗ್ಗಿ ನೋಡಿ ಮುಖ ಕಿವುಚಿದ. ಮರಿಯ ಗೊರಸಿನ ಅಡಿಯಿಂದ ಬಿಳಿಚಿದ, ಮೆತ್ತಗಿನ ಬೆರಳುಗಳಂಥವು ಜೋತುಬಿದ್ದಿದ್ದವು, ಹಳೇ ಅಣಬೆಯ ಅಡಿಭಾಗದ ಹಾಗೆ.

"ಇದಕ್ಕೇನು ರೋಗ?"

ಲಿಂಡ್‌ಕ್ವಿಸ್ಟ್ ನಕ್ಕಳು. "ತಳಿ ಬಗ್ಗೆ ಇಷ್ಟು ವರ್ಷ ಬರೆದಿದ್ದೀರಿ, ಹುಟ್ಟಿದ ಮರಿ ಕಾಲು ನೋಡಿಲ್ವಾ? ಗೊರಸು ತಾಗಿ ತಾಯಿ ಹೊಟ್ಟೆ ಹರೀಬಾರದಲ್ಲ, ಅದಕ್ಕೆ ಹುಟ್ಟುವಾಗ ಎಲ್ಲಾ ಮರಿಗೂ ಈ ಮೆತ್ತನೆ ಚಪ್ಪಲಿ ಇರುತ್ತೆ. ಓಡಾಡ್ತಾ ಸವೆದುಹೋಗುತ್ತೆ. ನಾಳೆ ಬನ್ನಿ, ಇರಲ್ಲ."

"ನಿನ್ನೆ ಹುಟ್ಟಿದ ಮರಿ ನೀವು ನೋಡಿದ್ರಾ?" ಎಂದಳು ಡೆಲಿಯಾ.

"ನಿನ್ನೆ ಸಂಜೆ. ತಾಯಿ ಮರಿ ಎರಡೂ ಗಟ್ಟಿಯಾಗಿವೆ, ಹಬ್ಬದ ದಿನ ಆತುರ ಬೇಡ ಅಂತ ಲೇಸಿ ತಡವಾಗಿ ಕರೆದರು. ನನಗೆ ಇಷ್ಟವಾಗಲಿಲ್ಲ."

ಡೆಲಿಯಾ ಫಿಂಟನ್‌ನ ಮುಂದೆ ಕೈ ಚಾಚಿದಳು. ಅವನು ಫೋಟೋ ಕೊಟ್ಟ. ನಿನ್ನೆ ಬೆಳಿಗ್ಗೆ ಚಹಾ ಹೊತ್ತಿಗೆ ತೆಗೆದದ್ದು. ಮರಿ ಹಿಂಗಾಲು ಝಾಡಿಸಿ ಹಾರಿದ ಕ್ಷಣ. ನಾಲ್ಕು ಗೊರಸುಗಳೂ ಪಾಲಿಷ್ ಹಾಕಿದ ಗುಂಡಿಗಳ ಹಾಗೆ ಕಪ್ಪಗೆ, ನುಣ್ಣಗೆ ಹೊಳೆಯುತ್ತಿದ್ದವು. ಫಿಂಟನ್ ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡ. ಡೆಲಿಯಾ ಅದನ್ನು ಬಹಳ ಹೊತ್ತು ನೋಡಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಜೀನು ಲಗಾಮುಗಳ ಕೋಣೆಗೆ ಹೋದರು. ಒಲೆ, ಹಳೆಯ ಸೋಫಾ, ಅದರ ಮೇಲೆ ಮಡಿಸಿಟ್ಟ ಕುದುರೆ ಕಂಬಳಿ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಚಿತ್ರ, ಅದರ ಕೆಳಗೆ ಆರದ ಕೆಂಪು ದೀಪ. ಅಭ್ಯಾಸಬಲದಿಂದ ಫಿಂಟನ್ ಶಿಲುಬೆಯ ಗುರುತು ಹಾಕಿಕೊಂಡ. ಚೌಕಟ್ಟಿನ ಅಂಚಿನಲ್ಲಿ ಪುಟ್ಟದೇನೋ ಮಿನುಗಿತು. ದೀಪದ ಬೆಳಕಿರಬೇಕೆಂದು ಅವನು ಅತ್ತ ಗಮನ ಕೊಡಲಿಲ್ಲ. ಡೆಲಿಯಾ ಮಾತ್ರ ಪ್ರಾರ್ಥನೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಂತಿದ್ದಳು. ಅವಳು ಅಂಥ ಭಕ್ತೆಯೇನೂ ಅಲ್ಲ.

"ಎಲ್ಲರನ್ನೂ ಇಲ್ಲಿಗೇ ಕರಿ. ಊನಾಳನ್ನೂ" ಎಂದಳು.

ಊಟದ ಹೊತ್ತಿಗೆ ಎಲ್ಲರೂ ಸೇರಿದರು. ಲಾಯದ ಒಡತಿ ಮಿಸೆಸ್ ಪ್ಲಂಕೆಟ್ ತನ್ನ ಎರಡು ನಾಯಿಗಳ ಸಮೇತ ಬಂದು ಒಲೆಯ ಹತ್ತಿರದ ಕುರ್ಚಿ ಹಿಡಿದಳು. ಲಿಂಡ್‌ಕ್ವಿಸ್ಟ್ ಬಾಗಿಲಿಗೆ ಒರಗಿದಳು. ಊನಾ ಅಲ್ಲಿಯೂ ಕೂರಲಿಲ್ಲ. ಎಮೆಟ್ ಕೈಕಟ್ಟಿ ನಿಂತ.

"ಒಬ್ಬ ಕುಡುಕ ಕುದುರೆ ಕೈಲಿ ಒದೆಸಿಕೊಂಡಿದ್ದಕ್ಕೆ ಇಷ್ಟೊಂದು ಸಭೆಯೇ?" ಎಂದಳು ಮಿಸೆಸ್ ಪ್ಲಂಕೆಟ್.

"ಕುದುರೆ ಒದ್ದಿದ್ದು ನಿಜ" ಎಂದಳು ಡೆಲಿಯಾ. "ಯಾವಾಗ ಅನ್ನೋದೇ ಪ್ರಶ್ನೆ." ಅವಳು ಫೋಟೋವನ್ನು ವೈದ್ಯೆಯ ಕೈಗಿಟ್ಟಳು. "ಇದು ನಿನ್ನೆ ಬೆಳಿಗ್ಗೆ ತೆಗೆದದ್ದು. ಜಾವದಲ್ಲಿ ಹುಟ್ಟಿದ್ದು ಅಂತ ಹೇಳಿಕೆ. ನೀವೇನಂತೀರಿ?"

ಲಿಂಡ್‌ಕ್ವಿಸ್ಟ್ ನೋಡಿದಳು. ಅವಳ ನಗು ಆರಿತು. "ಚಪ್ಪಲಿಯೇ ಇಲ್ಲ. ಇದು ಆಗತಾನೆ ಹುಟ್ಟಿದ ಮರಿಯಲ್ಲ. ಒಂದು ಹಗಲು ಒಂದು ರಾತ್ರಿ ಓಡಾಡಿದ ಕಾಲು."

ಫಿಂಟನ್‌ಗೆ ತನ್ನ ಕಿವಿ ಬಿಸಿಯಾದದ್ದು ಗೊತ್ತಾಯಿತು. ಆ ಕಾಲುಗಳ ಮುಂದೆ ಅವನೇ ಕ್ಯಾಮೆರಾ ಹಿಡಿದು ಮಂಡಿಯೂರಿದ್ದ.

"ಅಂದರೆ ಮರಿ ಹುಟ್ಟಿದ್ದು ಮೂವತ್ತೊಂದರ ಬೆಳಗಿನ ಜಾವ" ಎಂದಳು ಡೆಲಿಯಾ. "ಡಿನ್ನಿ ಒಬ್ಬನೇ ಹೆರಿಗೆ ಮಾಡಿಸಿದ, ಆಮೇಲೆ ತಾಯಿ ಕುದುರೆ ಗಾಬರಿಯಾಗಿ ಒದೀತು. ಅಲ್ಲಿವರೆಗೆ ಯಾರ ತಪ್ಪೂ ಇಲ್ಲ. ಆಮೇಲೆ ಯಾರೋ ಬಂದರು. ಅವರಿಗೆ ಎರಡು ಕಂಡವು. ಎಚ್ಚರ ತಪ್ಪಿದ ಮನುಷ್ಯ ಒಂದು, ಮರುದಿನಕ್ಕೆ ವರ್ಷ ತುಂಬೋ ಮರಿ ಇನ್ನೊಂದು. ಡಾಕ್ಟರನ್ನು ಕರೆದರೆ ಮರಿ ಹುಟ್ಟಿದ್ದು ಆಗಲೇ ಊರಿಗೆಲ್ಲ ಗೊತ್ತಾಗುತ್ತೆ. ಅವರು ಕರೀಲಿಲ್ಲ. ಡಿನ್ನಿಯನ್ನ ತಂದು ಈ ಸೋಫಾ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಮನೆಗೊಂದು ಫೋನ್ ಮಾಡಿದ್ರು. ಮರುದಿನ ಬೆಳಿಗ್ಗೆ ಮತ್ತೆ ಕುದುರೆ ಕಾಲ ಬಳಿ ಹಾಕಿ, ಮೈಮೇಲೆ ವಿಸ್ಕಿ ಸುರಿದ್ರು. ಮರಿಗೆ ಒಂದು ವರ್ಷ ಉಳಿಸೋಕೆ ಡಿನ್ನಿಯ ಒಂದು ದಿನ ತೆಗೆದ್ರು."

ಊನಾ ಸೋಫಾದ ಕಡೆ ನೋಡಿದಳು.

"ಲಾಭ ಯಾರಿಗೋ ಅವರೇ ಮಾಡಿದ್ದು" ಎಂದು ಫಿಂಟನ್ ಮೆಲ್ಲಗೆ ಅಂದ. ಎಲ್ಲರ ಕಣ್ಣೂ ಮಿಸೆಸ್ ಪ್ಲಂಕೆಟ್ ಕಡೆ ಹೊರಳಿತು. ಅವಳು ಕೆಂಪಗಾದಳು.

"ಮರಿ ನನ್ನದೇ. ಹಾಗಂತ ಮನುಷ್ಯನನ್ನು ಗೋಣಿಚೀಲದ ಹಾಗೆ ಮುಚ್ಚಿಡ್ತೀನಾ? ಬರೋ ವರ್ಷ ಆ ಕುದುರೆ ಇನ್ನೊಂದು ಮರಿ ಹಾಕುತ್ತೆ!"

"ನೀವಲ್ಲ. ಸಾಕ್ಷಿ ಇಲ್ಲಿದೆ" ಎನ್ನುತ್ತ ಡೆಲಿಯಾ ಗೋಡೆಯ ಚಿತ್ರದ ಚೌಕಟ್ಟಿನಿಂದ ಏನನ್ನೋ ಬಿಡಿಸಿ ಅಂಗೈ ಮೇಲಿಟ್ಟಳು. ಪುಟ್ಟ ಪಿನ್ನು, ಅದರ ನಡುವೆ ಕೆಂಪು ಹೃದಯ.

"ಅಪ್ಪಂದು!" ಎಂದಳು ಊನಾ.

"ಹೌದು. ಬಿದ್ದದ್ದಲ್ಲ. ಯಾರೋ ಬಿಚ್ಚಿ, ದೀಪದ ಮೇಲೆ ಜೋಪಾನವಾಗಿ ಚುಚ್ಚಿಟ್ಟಿದ್ದಾರೆ. ಇದೇನು ಗೊತ್ತಾ, ಮಿಸೆಸ್ ಪ್ಲಂಕೆಟ್?"

"ಯಾವುದೋ ಕ್ಲಬ್ಬಿನ ಬ್ಯಾಡ್ಜಿರಬೇಕು. ನಮ್ಮ ಪ್ರಾಟೆಸ್ಟಂಟ್ ಚರ್ಚಿನಲ್ಲಿ ಇಂಥದ್ದಿಲ್ಲ."

"ನೀವು, ಡಾಕ್ಟರ್?"

"ಇಲ್ಲಿನ ಮುದುಕರ ಕೋಟಿನ ಮೇಲೆ ನೋಡಿದ್ದೀನಿ. ಅರ್ಥ ಗೊತ್ತಿಲ್ಲ."

"ಗೊತ್ತಿಲ್ಲದವರು ಇದರ ಮೇಲೇ ವಿಸ್ಕಿ ಸುರೀತಿದ್ರು. ಕುಡಿಯಲ್ಲ ಅಂತ ಆಣೆ ಮಾಡಿದವನ ಪಿನ್ನು ಇದು. ದೇವರ ಹೃದಯದ ಮೇಲೆ ಹೆಂಡ ಹೊಯ್ಯೋಕೆ ಕೈ ಬಾರದವನು ಮಾತ್ರ ಮೊದಲು ಇದನ್ನ ಬಿಚ್ಚಿ, ಇಡಬೇಕಾದ ಜಾಗದಲ್ಲಿ ಇಡ್ತಾನೆ." ಡೆಲಿಯಾ ತಿರುಗಿದಳು. "ಈ ದೀಪಕ್ಕೆ ಎಣ್ಣೆ ಹಾಕೋದು ಯಾರು, ಎಮೆಟ್?"

ಎಮೆಟ್‌ನ ಕಟ್ಟಿದ ಕೈಗಳು ಬಿಚ್ಚಿಕೊಂಡವು. ಅವನು ಪಿನ್ನಿನ ಕಡೆ ನೋಡಲಿಲ್ಲ.

"ನಾನೇ" ಎಂದ. "ಗೊರಕೆ ಹೊಡೀತಿದ್ದ. ದೇವರಾಣೆ, ಆರಾಮಾಗಿ ಗೊರಕೆ ಹೊಡೀತಿದ್ದ. ಎದ್ದರೆ ಒಂದು ಮಾತು ಒಪ್ಪಿಸ್ಕೋತೀನಿ ಅಂದ್ಕೊಂಡೆ. ಮಧ್ಯಾಹ್ನ ಆದರೂ ಏಳಲಿಲ್ಲ. ಆಮೇಲೆ ಕರೆದರೆ ಯಾಕೆ ಮೊದಲೇ ಕರೀಲಿಲ್ಲ ಅಂತಾರೆ. ಹೊತ್ತು ಹೋದ ಹಾಗೆ ಇನ್ನೂ ಕಷ್ಟ ಆಯ್ತು." ಫಿಂಟನ್‌ನತ್ತ ತಿರುಗಿದ. "ಹೋದ ಚಳಿಗಾಲ ಲಾಯಕ್ಕೆ ದೀಪ ಹಚ್ಚಿದ್ದು ನಾನು. ಮರಿ ಹುಟ್ಟೋ ದಿನದ ಲೆಕ್ಕ ಹಾಕಿದ್ದು ನಾನು. ಕ್ಯಾಮೆರಾ ಹಿಡ್ಕೊಂಡು ಬಂದವನು ಎಲ್ಲಿ ಕಾಲು ನೋಡ್ತಾನೆ ಅಂತ ನಿನ್ನನ್ನೇ ಮೊದಲು ಕರೆದೆ. ನಿಜ ಹೇಳಿದ್ರೆ ಶನಿವಾರ ನಿನ್ನ ಪೇಪರ್ ಓದಿ ಊರೆಲ್ಲ ನಕ್ಕಿರೋದು."

ಸೋತವನು ಸೋತೆ ಅನ್ನಬೇಕೆಂದು ಬೆಳಿಗ್ಗೆಯಷ್ಟೇ ಅಂದಿದ್ದ ಫಿಂಟನ್‌ಗೆ ಈಗ ಯಾವ ಅಭಿಪ್ರಾಯವೂ ಹೊಳೆಯಲಿಲ್ಲ.

ಊನಾ ಮಾತ್ರ ಎಮೆಟ್‌ನ ಎದುರಿಗೆ ಹೋಗಿ ನಿಂತಳು. "ಪಿನ್ನಿಗೆ ತೋರಿಸಿದ ಮರ್ಯಾದೆ ಅದನ್ನ ಹಾಕ್ಕೊಂಡಿದ್ದ ಮನುಷ್ಯನಿಗೆ ತೋರಿಸಬಾರದಿತ್ತಾ?" ಎಂದಳು. ಅವನು ತಲೆ ತಗ್ಗಿಸಿದ.

ಪೊಲೀಸ್ ಸಾರ್ಜೆಂಟ್ ಬಂದು ಎಮೆಟ್‌ನನ್ನು ಕರೆದೊಯ್ದ. ಮಿಸೆಸ್ ಪ್ಲಂಕೆಟ್ ನಾಯಿಗಳನ್ನು ಗದರಿ ಸುಮ್ಮನಾಗಿಸಿ, ಮನೆಯೂ ಕೆಲಸವೂ ಡಿನ್ನಿಯವೇ ಎಂದು ಊನಾಳಿಗೆ ಹೇಳಿದಳು. ಕ್ಷಮಿಸು ಎನ್ನುವ ಮಾತು ಅವಳ ಬಾಯಿಗೆ ಅಷ್ಟು ರೂಢಿಯಿರಲಿಲ್ಲ. ಎರಡು ಸಲ ಶುರುಮಾಡಿ ಮೂರನೆಯ ಸಲಕ್ಕೆ ಅಂದಳು. ಮರಿ ಡಿಸೆಂಬರಿನಲ್ಲಿ ಹುಟ್ಟಿತೆಂದೇ ದಾಖಲೆಯಲ್ಲಿ ಬರೆಸಲಾಯಿತು.

ಡಿನ್ನಿ ಟಾರ್ಪಿ ಆ ವಾರದ ಕೊನೆಗೆ ಕಣ್ಣು ತೆರೆದ. ಡೆಲಿಯಾ, ಫಿಂಟನ್ ನೋಡಲು ಹೋದಾಗ ದಿಂಬಿಗೆ ಒರಗಿ ಚಹಾ ಕುಡಿಯುತ್ತಿದ್ದ.

"ಈ ಕಡೆ ಬಂದು ಹೇಳಪ್ಪ, ಆ ಕಿವಿ ರಜೆ ಹಾಕಿದೆ" ಎಂದ. ಫಿಂಟನ್ ಸುತ್ತಿ ಬಂದು ಬಲಗಡೆ ಕೂತ. ನಡೆದದ್ದನ್ನೆಲ್ಲ ಹೇಳಿದ, ತನ್ನ ಹಾಲು ಕುಡಿಯುವ ಮುದುಕನ ಮಾತನ್ನೂ ಬಿಡಲಿಲ್ಲ. ಡಿನ್ನಿ ಕೇಳಿಸಿಕೊಂಡ. ಚಹಾ ಲೋಟ ಪಕ್ಕಕ್ಕಿಟ್ಟ.

"ಮರಿ ಹೇಗಿದೆ?"

"ಹುಟ್ಟಿ ವಾರ ಆಗಿಲ್ಲ, ಒಂದು ವರ್ಷ ಅಂತೆ ಪಾಪದ್ದಕ್ಕೆ" ಎಂದ ಫಿಂಟನ್. "ಮುಂದಿನ ವರ್ಷವೇ ದೊಡ್ಡವುಗಳ ಜೊತೆ ಓಡಬೇಕು."

ಊನಾ ಪಿನ್ನನ್ನು ಡಿನ್ನಿಯ ಆಸ್ಪತ್ರೆ ಅಂಗಿಗೆ ಚುಚ್ಚುತ್ತಿದ್ದಳು. ಅವನು ಅದು ನೆಟ್ಟಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ನಿನ್ನ ಪೇಪರಲ್ಲಿ ಏನು ಬೇಕಾದ್ರೂ ಬರ್ಕೋ" ಎಂದ. "ಮರಿಗೆ ಮಾತ್ರ ಯಾರೂ ಹೇಳ್ಬೇಡಿ."