ಕೊಬ್ಬರಿ ಬೋಗಿ

ಪ್ರತಿಮಾ ಉಂಡೆ ಕೊಬ್ಬರಿ ಆರಿಸುತ್ತಾ ಕುಳಿತಿದ್ದಳು. ಒಳ್ಳೆಯದು ಬಲಕ್ಕೆ, ಬೂಷ್ಟು ಹಿಡಿದದ್ದು ಎಡಕ್ಕೆ. ಅರಸೀಕೆರೆಯ ಆ ಮಂಡಿಯಲ್ಲಿ ಅಪ್ಪ ಚನ್ನಬಸವಯ್ಯನವರು ಗಲ್ಲಾ ಮೇಲಿದ್ದರೆ, ಸರಕು ನೋಡುವುದು ಮಗಳೇ.

"ಮೇಡಂ, ಒಂದು ರೈಲು ತೂಗಿಕೊಡ್ತೀರಾ?"

ಅವಳು ತಲೆ ಎತ್ತಿದಳು. ಬಾಗಿಲಲ್ಲಿ ನಿಂತವನ ಅಂಗೈ ಮೇಲೆ ಗೇಣುದ್ದದ ರೈಲು ಬೋಗಿ! ಪುಟ್ಟ ಕಿಟಕಿಗಳು, ಪುಟ್ಟ ಚಕ್ರಗಳು...

"ಇದು ಕೊಬ್ಬರಿ ಮಂಡಿ ಕಣ್ರೀ. ರೈಲಿನ ವಿಚಾರಕ್ಕೆ ಸ್ಟೇಷನ್‌ಗೆ ಹೋಗಿ."

"ಹೋಗಿದ್ದೆ. ಅಲ್ಲಿ ಇಷ್ಟು ಸಣ್ಣ ತಕ್ಕಡಿ ಇಲ್ವಂತೆ."

ಗಲ್ಲಾ ಕಡೆಯಿಂದ ಅಪ್ಪ ನಕ್ಕದ್ದು ಕೇಳಿಸಿತು. ಪ್ರತಿಮಾ ನಗಲಿಲ್ಲ. ನಗು ತುಟಿಯವರೆಗೆ ಬಂದಿತ್ತು, ಅಷ್ಟೇ.

ಅವನ ಹೆಸರು ಧರ್ಮೇಶ್. ಹಳೇಬೀಡಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಅಂಗಡಿಯ ಪಕ್ಕದ ಕೋಣೆಯಲ್ಲಿ ದೊಡ್ಡ ಮೇಜಿನ ಮೇಲೆ ಆಟದ ರೈಲು ಕಟ್ಟುತ್ತಿದ್ದ.

"ನಮ್ಮೂರಿಗೆ ರೈಲಿಲ್ಲ. ಮೇಜಿನ ಮೇಲಾದ್ರೂ ಅರಸೀಕೆರೆಯಿಂದ ಹಳೇಬೀಡಿಗೆ ಓಡಲಿ ಅಂತ."

"ಓಡ್ತಾ ಐತಾ?"

"ತಿರುವು ಬಂದ್ರೆ ಮಗುಚಿಕೊಳ್ಳುತ್ತೆ. ಬೋಗಿ ಹಗುರ. ಹೊಟ್ಟೆಯೊಳಗೆ ತೂಕ ಇಡಬೇಕು, ಎಲ್ಲಕ್ಕೂ ಒಂದೇ ಸಮ. ಹೆಚ್ಚಾದ್ರೆ ಇಂಜಿನ್ ಏರು ಹತ್ತಲ್ಲ."

ಜೇಬಿನಿಂದ ಮೀನು ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತೆಗೆದ. ಅವಳು ಒಂದೊಂದಾಗಿ ತಕ್ಕಡಿಗೆ ಹಾಕುತ್ತಾ ಹೋದಳು. ಅವನು ಮುಳ್ಳು ನೋಡಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದ...

"ಸಾಕು," ಅಂದರು ಇಬ್ಬರೂ ಒಟ್ಟಿಗೆ.

ಆಮೇಲೆ ಹೊಸ ಬೋಗಿ ಸಿದ್ಧವಾದಾಗಲೆಲ್ಲ ಧರ್ಮೇಶ್ ಮಂಡಿಗೆ ಬಂದ. ಭಾನುವಾರಗಳಲ್ಲಿ ಅವಳೇ ಬಸ್ಸು ಹತ್ತಿ ಹಳೇಬೀಡಿಗೆ ಹೋದಳು. ಗುಂಡುಗಳನ್ನು ಬೋಗಿಯ ತಳದಲ್ಲಿ, ಚಕ್ರಗಳ ನಡುವೆ ಅಂಟಿಸುವುದನ್ನು ಕಲಿತಳು. ರೈಲು ಅಲುಗದೆ ತಿರುವು ದಾಟಿದ ದಿನ ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಅವನ ತಾಯಿ ಶಾಂತಾದೇವಿ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. ಒಂದು ದಿನ ಮಂಡಿಗೆ ಅವರ ಕಾಗದ ಬಂತು. 'ನಿಮ್ಮ ಹುಡುಗಿಯನ್ನು ನಮ್ಮ ಮನೆಗೆ ಕೇಳುತ್ತಿದ್ದೇವೆ. ಉತ್ತರ ಅವಳೇ ಬರೆಯಲಿ.'

"ನಿನ್ನಿಷ್ಟ ಕಣಮ್ಮ," ಅಂದರು ಅಪ್ಪ.

ಅಂದೇ ಒಪ್ಪಿಗೆ ಬರೆದಳು. ಅಂಚೆಗೆ ಹಾಕಲಿಲ್ಲ. 'ಊರವರ ಮುಂದೆ ರೈಲಿನ ಮೊದಲ ಓಟ ಮುಗಿಯಲಿ. ಅವತ್ತು ನಂದೂ ಒಂದು ಉಡುಗೊರೆ ಇರಲಿ...'

ಆ ದಿನ ಕೋಣೆ ತುಂಬ ಜನ, ತಲೆಯ ಮೇಲೆ ಉರಿಯುವ ದೀಪಗಳು, ಬೇಸಿಗೆಯ ಸೆಕೆ. ಯಾರಿಗೂ ಕಾಣದಂತೆ ಅವಳು ಇಂಜಿನ್ ಹಿಂದಿನ ಗೂಡ್ಸ್ ಬೋಗಿಯ ಸೀಸ ಬಿಡಿಸಿ, ಬದಲಿಗೆ ಅಷ್ಟೇ ತೂಕದ ಕೊಬ್ಬರಿ ಚೂರು ತುಂಬಿದಳು. ಅರಸೀಕೆರೆಯ ರೈಲಲ್ಲಿ ಅರಸೀಕೆರೆಯ ಕೊಬ್ಬರಿ! ತೂಕ ಸರಿಯಾಗಿತ್ತು. ಸೆಕೆಗೆ ಕೊಬ್ಬರಿ ಎಣ್ಣೆ ಬಿಡುತ್ತದೆ ಎಂಬುದನ್ನು ಮಂಡಿಯ ಮಗಳೇ ಮರೆತಿದ್ದಳು.

ಮೊದಲೆರಡು ಸುತ್ತು ಚೆನ್ನಾಗಿಯೇ ಹೋಯಿತು. ಆಮೇಲೆ ಕಂಬಿಯೆಲ್ಲ ಜಿಡ್ಡು. ಏರಿನಲ್ಲಿ ಇಂಜಿನ್ನಿನ ಚಕ್ರ ನಿಂತಲ್ಲೇ ಗರಗರ ತಿರುಗಿತು.

"ಏನ್ಲಾ ಧರ್ಮೇಶ, ನಿನ್ನ ರೈಲಿನ ತಲೆಗೂ ಎಣ್ಣೆ ಹಚ್ಚಿದ್ದೀಯಾ?" ಯಾರೋ ಅಂದರು. ಕೋಣೆಯೆಲ್ಲ ನಗು!

ಧರ್ಮೇಶ್ ಗೂಡ್ಸ್ ಬೋಗಿ ಎತ್ತಿ ನೋಡಿದ, ಒಳಗೆಲ್ಲ ಎಣ್ಣೆ ಜಿನುಗುವ ಕೊಬ್ಬರಿ. ಮುಖ ಕೆಂಪಗಾಯಿತು. "ಯಾರ್ರೀ ಈ ಪೆದ್ದು ಕೆಲಸ ಮಾಡಿದ್ದು?"

ಪ್ರತಿಮಾ ಜನರ ಹಿಂದೆ ಸರಿದಳು. ಸದ್ದಿಲ್ಲದೆ ಹೊರಗೆ ಬಂದು ಸಿಕ್ಕಿದ ಬಸ್ಸು ಹತ್ತಿದಳು.

ಅವನು ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಬೇಸಿಗೆ ಕಳೆದು ಮಳೆ ಹಿಡಿಯಿತು. ಕಾಗದ ಬ್ಯಾಗಿನಲ್ಲೇ ಉಳಿಯಿತು. 'ಅಷ್ಟು ಜನರ ಮುಂದೆ ನನ್ನಿಂದ ಅವರಿಗೆ ಅವಮಾನ ಆಯ್ತು. ಇನ್ನು ಯಾವ ಬಾಯಲ್ಲಿ ಒಪ್ಪಿಗೆ ಅನ್ನಲಿ?'

ಒಂದು ಬೆಳಿಗ್ಗೆ ವ್ಯಾಪಾರಿಯೊಬ್ಬನ ಜೊತೆ ದರಕ್ಕೆ ವಾದಿಸುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. 'ಇವನ ಮುಖ ನೋಡಿ ದರ ಕೇಳ್ತೀನಿ. ಅವರ ಮುಖ ನೋಡಿ ಮನಸ್ಸು ಕೇಳೋಕೆ ಹೆದರಿಕೆಯಾ?'

"ಅಪ್ಪಾ, ಹಳೇಬೀಡಿಗೆ ಹೋಗಿ ಬತ್ತೀನಿ!"

ಧರ್ಮೇಶ್ ಮೇಜಿನ ಮುಂದೆ ಒಬ್ಬನೇ ಇದ್ದ. ಅವಳು ಪೀಠಿಕೆ ಹಾಕಲಿಲ್ಲ.

"ಆ ಪೆದ್ದು ನಾನೇ."

"ಗೊತ್ತು."

"ಯಾವಾಗಿಂದ?"

"ಮಾತು ಬಾಯಿಂದ ಬಿದ್ದ ಮೇಲೆ ತಿರುಗಿ ನೋಡಿದೆ, ನೀವಿರಲಿಲ್ಲ..." ಅವನ ದನಿ ತಗ್ಗಿತು. "ಅಮ್ಮನಿಗೆ ಉತ್ತರವೂ ಬರಲಿಲ್ಲ. ಬೇಡ ಅನ್ನೋದನ್ನ ಹೀಗೇ ಹೇಳ್ತಿದ್ದೀರಿ ಅಂದ್ಕೊಂಡೆ. ಪೆದ್ದು ಅಂದವನು ಯಾವ ಮುಖ ಹೊತ್ತು ಬರಲಿ?"

"ನಿಮಗೆ ಸಿಟ್ಟು ಅಂದ್ಕೊಂಡಿದ್ದೆ!"

"ನಿಮ್ಮ ಮೇಲೆ ಸಿಟ್ಟಾ? ಜನ ನಕ್ಕಿದ್ದಕ್ಕೆ ಸಿಟ್ಟು. ಆ ಕೊಬ್ಬರಿ ಯಾಕೆ ತುಂಬಿದ್ದು ಅಂತ ಅರ್ಥವಾದಾಗ... ನಿದ್ದೆ ಬರಲಿಲ್ಲ ಕಣ್ರೀ."

ಅವಳ ಕಣ್ಣು ತುಂಬಿತು. ಆದರೂ ಕೈ ಸುಮ್ಮನಿರಲಿಲ್ಲ. ಗೂಡ್ಸ್ ಬೋಗಿ ಎತ್ತಿಕೊಂಡಳು. "ಕೆಳಗೆ ಸೀಸ. ಅದರ ಮೇಲೆ ತಗಡಿನ ತಟ್ಟೆ. ತಟ್ಟೇಲಿ ಒಂದೇ ಒಂದು ಚೂರು ಕೊಬ್ಬರಿ, ಶಾಸ್ತ್ರಕ್ಕೆ. ಎಣ್ಣೆ ಹೊರಗೆ ಬರಲ್ಲ. ಆಗುತ್ತಾ?"

"ಆಗುತ್ತೆ. ಹೆಂಡತಿ ಹೇಳಿದ್ರೆ ಆಗಲೇಬೇಕು."

"ಹೆಂಡತಿನಾ? ನಾನು ಬರೆದ ಉತ್ತರ ಇನ್ನೂ ಬ್ಯಾಗಲ್ಲೇ ಐತಲ್ಲ!"

"ಏನು ಬರೆದಿದ್ದೀರಿ?"

"ನೀವು ಕೇಳಿ. ಮುಖ ನೋಡಿ ಕೇಳಿ."

ಧರ್ಮೇಶ್ ಮುಖ ನೋಡಿದ. ಈ ಸಲ ಬೆರಳನ್ನಲ್ಲ. "ಪ್ರತಿಮಾ, ನನ್ನ ಮದುವೆ ಆಗ್ತೀರಾ? ನೀವಿಲ್ಲದೆ ಈ ಕೋಣೆಗೆ ಬರೋಕೇ ಮನಸ್ಸಾಗಲ್ಲ."

"ಹೂಂ... ಅಂತಲೇ ಬರೆದಿದ್ದೀನಿ."

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಶಾಂತಾದೇವಿ! ಪ್ರತಿಮಾ ಗಡಬಡಿಸಿ ಬ್ಯಾಗಿನಿಂದ ಲಕೋಟೆ ತೆಗೆದು ಚಾಚಿದಳು.

"ಕೈಯಲ್ಲಿ ಈಸ್ಕೊಳ್ಳಲ್ಲ ಕಣವ್ವ," ಅಂದರು ಅವರು. "ನಾನು ಪೋಸ್ಟಲ್ಲಿ ಕೇಳಿದ್ದು. ಉತ್ತರಾನೂ ಪೋಸ್ಟಲ್ಲೇ ಬರಲಿ. ಪೋಸ್ಟ್‌ಮ್ಯಾನು ಬೀದಿಯಲ್ಲಿ ನನ್ನ ಹೆಸರು ಕೂಗಬೇಕು, ಅಕ್ಕಪಕ್ಕದೋರು ಕೇಳಬೇಕು!"

ಇಬ್ಬರೂ ನಗುತ್ತಾ ರಸ್ತೆಗೆ ಬಂದರು. ಅಂಚೆ ಡಬ್ಬಿಯ ಮುಂದೆ ಅವಳು ಒಂದು ಕ್ಷಣ ನಿಂತಳು.

"ತಲುಪೋಕೆ ಎಷ್ಟು ದಿನ ಬೇಕೋ..."

"ತಲುಪಲಿ ಬಿಡಿ ನಿಧಾನವಾಗಿ. ನನಗೆ ತಲುಪಿ ಆಯ್ತಲ್ಲ."

ಪ್ರತಿಮಾ ಕಾಗದವನ್ನು ಡಬ್ಬಿಯೊಳಗೆ ಬಿಟ್ಟಳು.